ಮನೆಗೆ ಯಾವ ಇಂಟರ್ನೆಟ್? ಸ್ಪೀಡ್ ಕೇಳುವ ಮೊದಲು ಅದು ಹೇಗೆ ಕೆಡುತ್ತದೆ ಅಂತ ನೋಡಿ

ಹೊಸ ಕನೆಕ್ಷನ್ ಅಂದ ತಕ್ಷಣ ಎಲ್ಲರ ಬಾಯಿಂದ ಬರುವ ಮೊದಲ ಪ್ರಶ್ನೆ: ಸ್ಪೀಡ್ ಎಷ್ಟು? ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಚೆನ್ನಾಗಿ ಕಾಣುವ ವಿಡಿಯೋ ಕಾಲ್‌ಗೆ 3-4 ಎಂಬಿಪಿಎಸ್ ಸಾಕು. 4ಕೆ ಸಿನಿಮಾಗೆ 15ರಿಂದ 25 ಎಂಬಿಪಿಎಸ್ ಬೇಕು. ಹೇಳಿದ 100 ಎಂಬಿಪಿಎಸ್ ನಿಜವಾಗಿ, ದಿನವಿಡೀ ಬಂದರೆ ನಾಲ್ಕೈದು ಜನರ ಮನೆಗೆ ಧಾರಾಳ. ಜಾಹೀರಾತಿನಲ್ಲಿ 500, 1000 ಅಂತ ಕಂಡಾಗ ಆಸೆ ಆಗುವುದು ಸಹಜ. ಆದರೆ ಮನೆಯವರಿಗೆ ಸಿಟ್ಟು ಬರುವುದು 300ರ ಬದಲು 200 ಬಂದಾಗ ಅಲ್ಲ. ಮೀಟಿಂಗ್ ನಡುವೆ ಮುಖ ಅಲ್ಲಾಡದೆ ನಿಂತಾಗ, ಸಿಗ್ನಲ್ ಫುಲ್ ತೋರಿಸುತ್ತಾ ಪೇಜ್ ಮಾತ್ರ ಸುತ್ತುತ್ತಲೇ ಇದ್ದಾಗ, ಕಸ್ಟಮರ್ ಕೇರ್‌ನವರು "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತ ಮತ್ತೆ ಅದನ್ನೇ ಹೇಳಿದಾಗ.

ಅದಕ್ಕೇ ಇಲ್ಲಿ ಹೋಲಿಕೆಯ ಅಳತೆಗೋಲು ಬೇರೆ. ಒಂದೊಂದು ಬಗೆಯ ಕನೆಕ್ಷನ್ ಒಂದೊಂದು ರೀತಿ ಕೆಡುತ್ತದೆ. ಕೆಟ್ಟಾಗ ನಿಮ್ಮ ಕೈಯಲ್ಲಿ ಆಗುವುದೆಷ್ಟು, ಟೆಕ್ನಿಷಿಯನ್ ಬರುವವರೆಗೆ ಕಾಯಬೇಕಾದ್ದೆಷ್ಟು ಎನ್ನುವುದರಲ್ಲೂ ವ್ಯತ್ಯಾಸ ಇದೆ. ಆರಿಸುವಾಗ ಅದನ್ನು ನೋಡಿದರೆ ಮುಂದಿನ ತಲೆನೋವು ಅರ್ಧ ಕಡಿಮೆ.

ತೊಂದರೆ ಹೊರಗಿದೆಯೋ, ಒಳಗಿದೆಯೋ?

ಏನನ್ನಾದರೂ ಕೊಳ್ಳುವ ಅಥವಾ ಬದಲಿಸುವ ಮುಂಚೆ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪನ್ನು ಈಥರ್ನೆಟ್ ಕೇಬಲ್‌ನಿಂದ ನೇರವಾಗಿ ರೂಟರ್‌ಗೆ ಸೇರಿಸಿ. ವೈಫೈ ಆಫ್ ಮಾಡಿ. ಈಗ ಸ್ಪೀಡ್ ಟೆಸ್ಟ್ ನೋಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಲ್ಲರೂ ಆನ್‌ಲೈನ್ ಇರುವ ಹೊತ್ತಿನಲ್ಲಿ ಇನ್ನೊಮ್ಮೆ.

ಕೇಬಲ್‌ನಲ್ಲಿ ಚೆನ್ನಾಗಿ ಬಂದು ವೈಫೈನಲ್ಲಿ ಬರದಿದ್ದರೆ ಲೈನ್ ಸರಿ ಇದೆ, ತೊಂದರೆ ಇರುವುದು ನಿಮ್ಮ ಗೋಡೆಗಳ ಒಳಗೆ. ಕೇಬಲ್‌ನಲ್ಲೂ ಬರದಿದ್ದರೆ ಎಷ್ಟು ದುಬಾರಿ ರೂಟರ್ ತಂದರೂ ದಂಡ. ಇಷ್ಟು ಸಣ್ಣ ಪರೀಕ್ಷೆ ಬಿಟ್ಟು ಜನ ಕಂಪನಿಯನ್ನೇ ಬದಲಿಸುತ್ತಾರೆ. ಹೊಸ ರೂಟರನ್ನೂ ಅದೇ ಮೂಲೆಯಲ್ಲಿ, ಅದೇ ಕಬ್ಬಿಣದ ಬೀರುವಿನ ಹಿಂದೆ ಇಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಈ ಪರೀಕ್ಷೆಯಲ್ಲಿ ಒಂದು ಅಂಕಿ ಕಂಡರೆ ಎಚ್ಚರ: 94 ಎಂಬಿಪಿಎಸ್ ಆಸುಪಾಸು. ಪ್ಲಾನ್ 200 ಅಥವಾ 300 ಇದ್ದರೂ ಪ್ರತಿ ಸಲ 94ರ ಹತ್ತಿರವೇ ನಿಲ್ಲುತ್ತಿದ್ದರೆ ಕಂಪನಿಗೆ ಬಯ್ಯಬೇಡಿ. ಈಥರ್ನೆಟ್ ಕೇಬಲ್‌ನಲ್ಲಿ ನಾಲ್ಕು ಜೊತೆ ತಂತಿಗಳಿರುತ್ತವೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗಕ್ಕೆ ನಾಲ್ಕೂ ಜೊತೆ ಬೇಕು. ಒಂದು ತಂತಿ ಬಿಟ್ಟುಹೋದರೂ ಹೆಚ್ಚಾಗಿ ಎರಡೂ ಕಡೆಯ ಪೋರ್ಟ್‌ಗಳು ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯುತ್ತವೆ, ಯಾಕೆಂದರೆ ಅದಕ್ಕೆ ಎರಡು ಜೊತೆ ಸಾಕು. ಹಳೆಯ ರೂಟರ್‌ಗಳಲ್ಲಿ ಪೋರ್ಟೇ 100ರದ್ದು ಇರುವುದೂ ಉಂಟು. ಕೇಬಲ್ ಬದಲಿಸಿ ನೋಡಿ. ತೀರಾ ಸುಲಭದ ರಿಪೇರಿ ಇದೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸೋಣ. ಪ್ಲಾನ್ ಹೇಳುವುದು ಬಿಟ್‌ಗಳಲ್ಲಿ, ಡೌನ್‌ಲೋಡ್ ತೋರಿಸುವುದು ಸಾಮಾನ್ಯವಾಗಿ ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಫೈಲ್ ಸೆಕೆಂಡಿಗೆ 12 ಮೆಗಾಬೈಟ್‌ನಂತೆ ಇಳಿಯುತ್ತಿದ್ದರೆ ನಿಮಗೆ ಮೋಸ ಆಗಿಲ್ಲ.

ಫೈಬರ್: ಸಿಕ್ಕರೆ ಬಿಡಬೇಡಿ, ಆದರೆ ದಾರವನ್ನು ಮುಟ್ಟಬೇಡಿ

ಮನೆಯವರೆಗೂ ಫೈಬರ್ (ಬೆಳಕಿನ ಮೂಲಕ ಡೇಟಾ ಒಯ್ಯುವ ಗಾಜಿನ ಎಳೆ) ಬರುತ್ತದೆ ಅಂದರೆ ಬೇರೆ ಆಯ್ಕೆ ನೋಡುವುದು ಕಡಿಮೆ ಮಾಡಿ. ಇದನ್ನು ನಾನು ಹೇಳುವುದು ವೇಗಕ್ಕಲ್ಲ. ಹೆಚ್ಚಿನ ಮನೆಗಳಿಗೆ ಬರುವ ಫೈಬರ್ ಜಾಲದಲ್ಲಿ ಕಂಪನಿಯ ಕೇಂದ್ರ ಮತ್ತು ನಿಮ್ಮ ಮನೆಯ ನಡುವೆ ಕರೆಂಟ್ ಬೇಕಾಗುವ ಉಪಕರಣ ಏನೂ ಇರುವುದಿಲ್ಲ. ಬೆಳಕನ್ನು ಒಡೆದು ಹಂಚುವ ಸ್ಪ್ಲಿಟರ್ ಮಾತ್ರ. ಬೀದಿಯಲ್ಲಿ ಕರೆಂಟ್ ಹೋದರೂ ನಿಮ್ಮ ಫೈಬರ್ ಪೆಟ್ಟಿಗೆಗೂ ರೂಟರ್‌ಗೂ ಒಂದು ಸಣ್ಣ ಯುಪಿಎಸ್ ಇದ್ದರೆ ನೆಟ್ ನಡೆಯುತ್ತಿರುತ್ತದೆ. ಗುಡುಗು ಮಿಂಚಿಗೂ ಇದು ಗಟ್ಟಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಮಿಂಚಿನ ಏಟು ರೂಟರ್ ತಲುಪುವುದಾದರೆ ಸಾಮಾನ್ಯವಾಗಿ ಕರೆಂಟ್ ಪ್ಲಗ್ ಮೂಲಕವೇ.

ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಜೀಪಾನ್ ಎಂಬ ವ್ಯವಸ್ಥೆಯಲ್ಲಿ ಅಷ್ಟೂ ಮನೆಗಳಿಗೆ ಸೇರಿ ಡೌನ್‌ಲೋಡ್‌ಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್‌ಗೆ ಸುಮಾರು 1.25 ಗಿಗಾಬಿಟ್ ಇರುತ್ತದೆ. ಇದು ಕೇಳಲು ಕಡಿಮೆ ಅನ್ನಿಸಬಹುದು. ಎಲ್ಲರೂ ಒಂದೇ ಕ್ಷಣಕ್ಕೆ ಪೂರ್ತಿ ವೇಗ ಎಳೆಯುವುದು ಅಪರೂಪ, ಹಾಗಾಗಿ ನಡೆಯುತ್ತದೆ.

ಫೈಬರ್ ಕೆಡುವ ರೀತಿ ಸ್ಪಷ್ಟವಾಗಿರುತ್ತದೆ. ಇದೂ ಅದರ ದೊಡ್ಡ ಗುಣ. ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಅಂತ ಬರೆದ ಲೈಟ್ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ನಿಮ್ಮವರೆಗೆ ಬರುತ್ತಿಲ್ಲ. ಎಲ್ಲೋ ತುಂಡಾಗಿದೆ, ಕನೆಕ್ಟರ್ ಕಳಚಿದೆ, ಅಥವಾ ದಾರ ಜೋರಾಗಿ ಮಡಚಿಕೊಂಡಿದೆ. ಆಗ ರೂಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನ ಇಲ್ಲ. ನೇರವಾಗಿ ದೂರು ಕೊಡಿ, "ಎಲ್‌ಒಎಸ್ ಕೆಂಪು" ಅಂತಲೇ ಹೇಳಿ. ಆ ಎರಡು ಪದ ಹೇಳಿದರೆ ಫೋನಿನ ಆಚೆಯವರು ಅರ್ಧ ಪ್ರಶ್ನೆಗಳನ್ನು ಬಿಟ್ಟುಬಿಡುತ್ತಾರೆ. ಪಾನ್ (PON) ಅಂತ ಬರೆದ ಲೈಟ್ ಮಾತ್ರ ಮಿನುಗುತ್ತಿದ್ದರೆ ಕಥೆ ಬೇರೆ: ಬೆಳಕು ಬರುತ್ತಿದೆ, ಆದರೆ ನಿಮ್ಮ ಪೆಟ್ಟಿಗೆ ಅವರ ಕಡೆ ನೋಂದಣಿ ಆಗುತ್ತಿಲ್ಲ.

ಕಷ್ಟ ಇರುವುದು ನಡುವಿನ ಸ್ಥಿತಿಯಲ್ಲಿ. ಲೈಟ್ ಎಲ್ಲ ಹಸಿರು, ಆದರೂ ಆಗಾಗ ಕಟ್. ಇದಕ್ಕೆ ರೂಟರ್ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ, ಅಂದರೆ ನಿಮ್ಮವರೆಗೆ ಬರುವ ಬೆಳಕಿನ ಬಲ ನೋಡಬೇಕು. ಅದು ಮೈನಸ್‌ನಲ್ಲಿ ಇರುತ್ತದೆ. ಸಾಮಾನ್ಯ ಜೀಪಾನ್ ಪೆಟ್ಟಿಗೆಗೆ ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಬೆಳಕು ಬೇಕು. ಮೈನಸ್ 20 ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 26, 27 ಕಾಣಿಸಿದರೆ ಇವತ್ತಲ್ಲ ನಾಳೆ ತೊಂದರೆ ಗ್ಯಾರಂಟಿ. ಕಾರಣ ಹೆಚ್ಚಾಗಿ ಸಣ್ಣದೇ: ಕನೆಕ್ಟರ್ ತುದಿಗೆ ಧೂಳು, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ದಾರ, ಅಚ್ಚುಕಟ್ಟಾಗಿ ಕಾಣಲಿ ಅಂತ ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಚಿ ಮೊಳೆ ಹೊಡೆದದ್ದು. ಹಳೆಯ ಬಗೆಯ ಫೈಬರ್‌ಗೆ 30 ಮಿಲಿಮೀಟರ್‌ಗಿಂತ ಚಿಕ್ಕ ತ್ರಿಜ್ಯದ ಬಾಗು ಕೊಡಬಾರದು. ಮನೆಯೊಳಗೆ ಎಳೆಯಲೆಂದೇ ಬಂದ ಹೊಸ ಬಗೆಗಳು 7.5ರಿಂದ 10 ಮಿಲಿಮೀಟರ್‌ವರೆಗೂ ತಡೆದುಕೊಳ್ಳುತ್ತವೆ.

ಹಸಿರು ಕನೆಕ್ಟರ್‌ಗೂ ನೀಲಿ ಕನೆಕ್ಟರ್‌ಗೂ ಜೋಡಿ ಮಾಡಬೇಡಿ. ಹಸಿರಿನ ತುದಿ 8 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತದೆ, ನೀಲಿಯದು ಹಾಗಿರುವುದಿಲ್ಲ. ಎರಡನ್ನೂ ಸೇರಿಸಿದರೆ ನಡುವೆ ಸಂದಿ ಉಳಿದು ಬೆಳಕು ಸೋರುತ್ತದೆ. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಆ ಬೆಳಕು ಇನ್‌ಫ್ರಾರೆಡ್, ಕಣ್ಣಿಗೆ ಕಾಣುವುದೇ ಇಲ್ಲ.

ಒಟ್ಟಿನಲ್ಲಿ ಫೈಬರ್ ಕೆಡುವುದು ಕಡಿಮೆ. ಆದರೆ ತುಂಡಾದರೆ ನೀವು ಏನೂ ಮಾಡುವ ಹಾಗಿಲ್ಲ. ಜೋಡಿಸಲು ಸ್ಪ್ಲೈಸಿಂಗ್ ಯಂತ್ರ ಬೇಕು. ಹಾಗಾಗಿ ಕಂಪನಿ ಆರಿಸುವಾಗ ಅಕ್ಕಪಕ್ಕದವರನ್ನು ಕೇಳಬೇಕಾದ ಪ್ರಶ್ನೆ "ಸ್ಪೀಡ್ ಹೇಗಿದೆ" ಅಲ್ಲ. "ಕಟ್ ಆದರೆ ಎಷ್ಟು ಹೊತ್ತಿಗೆ ಬರುತ್ತಾರೆ?"

ಕೇಬಲ್ ಟಿವಿ ತಂತಿ, ಫೋನ್ ತಂತಿ

ಕೇಬಲ್ ಟಿವಿಯ ಕೋಆಕ್ಸಿಯಲ್ ತಂತಿಯ ಮೇಲೆ ಬರುವ ಇಂಟರ್ನೆಟ್ ಡೌನ್‌ಲೋಡ್‌ನಲ್ಲಿ ಫೈಬರ್‌ಗೆ ಹತ್ತಿರ ಬರಬಲ್ಲದು. ಅಪ್‌ಲೋಡ್ ಮಾತ್ರ ಸಾಮಾನ್ಯವಾಗಿ ತುಂಬಾ ಕಡಿಮೆ. ಮನೆಯಿಂದ ಕೆಲಸ ಮಾಡುವವರು, ದೊಡ್ಡ ಫೈಲ್ ಕಳಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಬೀದಿಯಲ್ಲಿ ಕರೆಂಟ್ ಬೇಡುವ ಆಂಪ್ಲಿಫೈಯರ್‌ಗಳಿರುತ್ತವೆ. ಹಾಗಾಗಿ ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಹೊರಗೆ ಕರೆಂಟ್ ಹೋದರೆ ಲೈನ್ ಸಾಯಬಹುದು. ಅಕ್ಕಪಕ್ಕದ ಮನೆಗಳೆಲ್ಲ ಒಂದೇ ತಂತಿಯ ಸಾಮರ್ಥ್ಯ ಹಂಚಿಕೊಳ್ಳುವುದರಿಂದ ಸಂಜೆ ಹೊತ್ತು ನಿಧಾನ ಆಗುವುದೂ ಇದೆ.

ಆದರೆ ಇದರಲ್ಲಿ ನೀವೇ ಮಾಡಬಹುದಾದ ರಿಪೇರಿ ಜಾಸ್ತಿ. ತಿರುಗಿಸಿ ಕೂರಿಸುವ ಕನೆಕ್ಟರ್ ಸಡಿಲ ಆಗಿರುವುದು ತೀರಾ ಸಾಮಾನ್ಯ. ಟಿವಿಗೂ ಮೋಡೆಮ್‌ಗೂ ಹಂಚಲು ಹಾಕಿದ ಸ್ಪ್ಲಿಟರ್ ಇನ್ನೊಂದು ಶತ್ರು. ಎರಡು ದಾರಿಯ ಒಂದು ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್ ಸಿಗ್ನಲ್ ತಿನ್ನುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು. ಒಂದರ ಹಿಂದೆ ಒಂದು ಹಾಕಿದ್ದರೆ ಲೆಕ್ಕ ಹಾಕಿ. ಬೇಡದ ಸ್ಪ್ಲಿಟರ್ ತೆಗೆದರೆ ಎಷ್ಟೋ ಮನೆಗಳಲ್ಲಿ ಆಗಾಗ ಕಟ್ ಆಗುವುದು ನಿಂತೇಹೋಗುತ್ತದೆ.

ಫೋನ್ ತಂತಿಯ ಡಿಎಸ್‌ಎಲ್ ಬಗ್ಗೆ ಹೇಳುವುದು ಕಡಿಮೆ. ಅಲ್ಲಿ ಎಲ್ಲವೂ ದೂರದ ಮೇಲೆ ನಿಂತಿದೆ. ಎಡಿಎಸ್‌ಎಲ್2 ಪ್ಲಸ್ ಎಂಬ ಹಳೆಯ ಬಗೆಯ ಮೇಲಿನ ಮಿತಿಯೇ 24 ಎಂಬಿಪಿಎಸ್, ಅದೂ ಎಕ್ಸ್‌ಚೇಂಜ್ ಪಕ್ಕದಲ್ಲೇ ಇದ್ದರೆ. ಅದರ ನಂತರದ ಬಗೆ ವಿಡಿಎಸ್‌ಎಲ್2 ಕೆಲವು ನೂರು ಮೀಟರ್ ಒಳಗೆ ಚೆನ್ನಾಗಿ ಓಡುತ್ತದೆ, ಕಿಲೋಮೀಟರ್ ದಾಟಿದ ಮೇಲೆ ಅದರ ಮೇಲುಗೈ ಹೆಚ್ಚೇನೂ ಉಳಿಯುವುದಿಲ್ಲ. ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಇದೇ ಗತಿ ಅಂದರೆ ಪ್ರತಿ ಫೋನ್‌ಗೂ ಮಾತಿನ ಸಿಗ್ನಲ್ಲನ್ನೂ ನೆಟ್ ಸಿಗ್ನಲ್ಲನ್ನೂ ಬೇರ್ಪಡಿಸುವ ಫಿಲ್ಟರ್ ಹಾಕಿದೆಯಾ ನೋಡಿ, ಮೋಡೆಮ್ಮನ್ನು ತಂತಿ ಮನೆಯೊಳಗೆ ಬರುವ ಮೊದಲ ಸಾಕೆಟ್‌ಗೇ ಹಾಕಿ. ಮಳೆ ಬಂದಾಗ ಮಾತ್ರ ಕಟ್ ಆಗುತ್ತದೆ ಅಂದರೆ ಹೊರಗಿನ ಜಾಯಿಂಟ್‌ಗೆ ನೀರು ಇಳಿಯುತ್ತಿದೆ ಅಂತಲೇ ಅರ್ಥ. ಅದು ಒಣಗಿದ ಮೇಲೆ ಟೆಕ್ನಿಷಿಯನ್ ಬಂದು "ಎಲ್ಲ ಸರಿ ಇದೆಯಲ್ಲ" ಅನ್ನುತ್ತಾರೆ. ಹಾಗಾಗಿ ಮಳೆ ಬರುವಾಗಲೇ ದೂರು ಬರೆಸಿ.

ಗಾಳಿಯಲ್ಲಿ ಬರುವ ನೆಟ್: 4ಜಿ, 5ಜಿ ಮತ್ತು ಉಪಗ್ರಹ

ಮನೆಗೆ ಅಂತ ಕೊಡುವ 4ಜಿ, 5ಜಿ ಪೆಟ್ಟಿಗೆಯ ಆಕರ್ಷಣೆ ಏನು ಅಂದರೆ ತಂತಿ ಎಳೆಯುವವರಿಗೆ ಕಾಯಬೇಕಿಲ್ಲ. ಪ್ಲಗ್ ಹಾಕಿದರೆ ಶುರು. ಬಾಡಿಗೆ ಮನೆಯವರಿಗೆ, ಆಗಾಗ ಊರು ಬದಲಿಸುವವರಿಗೆ ಇದಕ್ಕಿಂತ ಸುಲಭ ಇಲ್ಲ. ಆದರೆ ಇದು ಕೆಡುವ ರೀತಿ ತುಂಬಾ ಕಾಡುತ್ತದೆ, ಯಾಕೆಂದರೆ ಪೂರ್ತಿ ನಿಲ್ಲುವುದಿಲ್ಲ. ಬೆಳಿಗ್ಗೆ 200, ರಾತ್ರಿ 9ಕ್ಕೆ 8. ಟವರ್‌ನಲ್ಲಿ ಜನ ಜಾಸ್ತಿ ಆದರೆ ಹೀಗೆ. ಇದಕ್ಕೆ ದೂರು ಕೊಟ್ಟರೂ ಬಗೆಹರಿಯುವುದು ಕಷ್ಟ. ಅವರ ಕಡೆಯಿಂದ ನೋಡಿದರೆ ಏನೂ ಕೆಟ್ಟಿಲ್ಲ!

ಕೊಳ್ಳುವ ಮೊದಲು ಅದೇ ಕಂಪನಿಯ ಸಿಮ್ ಇರುವ ಫೋನ್ ತಂದು, ಪೆಟ್ಟಿಗೆ ಇಡಲಿರುವ ಜಾಗದಲ್ಲೇ ರಾತ್ರಿ ಹೊತ್ತು ಪರೀಕ್ಷೆ ಮಾಡಿ. ಸಿಗ್ನಲ್ ಗೆರೆಗಳನ್ನು ನಂಬಬೇಡಿ. ಫೋನಿನ ಸೆಟ್ಟಿಂಗ್‌ನಲ್ಲೋ ಪೆಟ್ಟಿಗೆಯ ಪುಟದಲ್ಲೋ ಟವರ್ ಸಿಗ್ನಲ್‌ನ ಬಲ ಹೇಳುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಸಿಗುತ್ತದೆ. ಮೈನಸ್ 80ರ ಆಸುಪಾಸು ಇದ್ದರೆ ಬಹಳ ಚೆನ್ನಾಗಿದೆ. ಮೈನಸ್ 110ಕ್ಕಿಂತ ಕೆಳಗಿಳಿದರೆ ಕಷ್ಟ. ಪೆಟ್ಟಿಗೆಯನ್ನು ಒಳಕೋಣೆಯಿಂದ ತೆಗೆದು ಟವರ್ ಕಡೆಯ ಕಿಟಕಿಗೆ ತಂದರೆ ಆಗುವ ಬದಲಾವಣೆ ದೊಡ್ಡದು. ವೈಫೈ ರೂಟರ್ ಮನೆ ಮಧ್ಯದಲ್ಲಿ ಇರಬೇಕು, ಈ ಪೆಟ್ಟಿಗೆ ಕಿಟಕಿಯಲ್ಲಿ ಇರಬೇಕು. ಎರಡೂ ಒಂದೇ ಡಬ್ಬಿಯಲ್ಲಿರುವುದೇ ಇದರ ತೊಡಕು. ಆಗ ಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟು, ಕೇಬಲ್ ಎಳೆದು ಮಧ್ಯದಲ್ಲಿ ಬೇರೆ ರೂಟರ್ ಇಡುವುದು ವಾಸಿ.

ಇನ್ನೊಂದು ಅಡ್ಡಿ ಹಂಚಿಕೊಂಡ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಮನೆಯನ್ನು ಗುರುತಿಸುವ ಸಂಖ್ಯೆ. ಮೊಬೈಲ್ ಜಾಲಗಳಲ್ಲಿ ಇದು ಸಾಮಾನ್ಯ, ಕೆಲವು ಫೈಬರ್ ಕಂಪನಿಗಳಲ್ಲೂ ಇದೆ. ರೂಟರ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಬೇರೆ ಮನೆಗಳ ಜೊತೆ ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಳ್ಳುತ್ತಿದ್ದೀರಿ. ಈ ಗುಂಪಿನ ವಿಳಾಸಗಳನ್ನು 2012ರಲ್ಲಿ ಇದೇ ಕೆಲಸಕ್ಕೆ ಅಂತ ತೆಗೆದಿಟ್ಟರು. ಸಿನಿಮಾ ನೋಡಲು, ಪೇಜ್ ತೆರೆಯಲು ಇದರಿಂದ ಏನೂ ತೊಂದರೆ ಇಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ರೆಕಾರ್ಡರ್‌ಗೆ ನೇರವಾಗಿ ಸೇರಬೇಕು, ಗೇಮ್ ಹೋಸ್ಟ್ ಮಾಡಬೇಕು ಅನ್ನುವವರು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ಮನೆಯೊಳಗಿನ ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಮಾಡುತ್ತಾ ಸುಮ್ನೆ ಇಡೀ ರಾತ್ರಿ ಕಳೆಯುತ್ತಾರೆ. ರೂಟರ್‌ನಲ್ಲಿ ಏನು ಒತ್ತಿದರೂ ಅದು ಆಗುವುದಿಲ್ಲ. ಕಂಪನಿಯಿಂದ ಸ್ವಂತ ಪಬ್ಲಿಕ್ ಐಪಿ ಕೇಳಿ ಪಡೆಯಬೇಕು.

ಉಪಗ್ರಹ ಇಂಟರ್ನೆಟ್‌ನಲ್ಲಿ ಎರಡು ಬಗೆ, ಎರಡಕ್ಕೂ ಅಜಗಜಾಂತರ. ಹಳೆಯ ಬಗೆಯ ಉಪಗ್ರಹ ನೆಲದಿಂದ 35,786 ಕಿಲೋಮೀಟರ್ ಮೇಲಿದೆ. ಸಿಗ್ನಲ್ ಹೋಗಿ ಬರಲು 600 ಮಿಲಿಸೆಕೆಂಡ್ ಹತ್ತಿರ ಹಿಡಿಯುತ್ತದೆ. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುವ ಸ್ಥಿತಿ. ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ತಡ ಸಾಮಾನ್ಯವಾಗಿ 25ರಿಂದ 60 ಮಿಲಿಸೆಕೆಂಡ್. ಇದು ಮಾತಾಡಲು, ಕೆಲಸ ಮಾಡಲು ಸಾಕು. ಷರತ್ತು ಒಂದೇ: ಡಿಶ್‌ಗೆ ಆಕಾಶ ವಿಶಾಲವಾಗಿ ಕಾಣಬೇಕು. ಒಂದು ಮರದ ಕೊಂಬೆ ಅಡ್ಡ ಇದ್ದರೂ ಉಪಗ್ರಹ ಅದರ ಹಿಂದೆ ಹಾದಾಗಲೆಲ್ಲ ಕೆಲವು ಸೆಕೆಂಡ್ ಕಟ್. ಜೋರು ಮಳೆಯಲ್ಲೂ ಮಂಕಾಗುತ್ತದೆ. ತಂತಿಯೂ ಟವರೂ ಇಲ್ಲದ ಜಾಗಕ್ಕೆ ಇದು ವರ. ಎರಡೂ ಇರುವ ಜಾಗದಲ್ಲಿ ಇದನ್ನು ಆರಿಸಲು ನನಗಂತೂ ಕಾರಣ ಕಾಣುವುದಿಲ್ಲ.

ಕಂಪನಿ ಕೊಟ್ಟ ಪೆಟ್ಟಿಗೆಯೋ, ಸ್ವಂತ ರೂಟರೋ?

ಕೊಟ್ಟದ್ದೇ ಸಾಕಾದರೆ ಅದನ್ನೇ ಇಟ್ಟುಕೊಳ್ಳಿ. ಕೆಟ್ಟರೆ ಅವರದೇ ಹೊಣೆ, ಅವರೇ ದೂರದಿಂದ ನೋಡಬಲ್ಲರು. ಸ್ವಂತ ರೂಟರ್ ಹಾಕಿದ ಮರುಕ್ಷಣ ಪ್ರತಿ ದೂರಿಗೂ "ನಿಮ್ಮ ರೂಟರ್ ತೊಂದರೆ ಸರ್" ಎಂಬ ಉತ್ತರ ಸಿದ್ಧವಾಗುತ್ತದೆ.

ಸ್ವಂತದ್ದು ಬೇಕೇ ಬೇಕು ಅನ್ನುವವರು ಒಂದು ತಪ್ಪು ಮಾಡಬೇಡಿ. ಹಳೆಯ ಪೆಟ್ಟಿಗೆಗೆ ಹೊಸ ರೂಟರನ್ನು ಹಾಗೇ ಸಿಕ್ಕಿಸಿದರೆ ಎರಡೂ ರೂಟರ್ ಕೆಲಸ ಮಾಡಲು ಹೊರಡುತ್ತವೆ. ಇಬ್ಬರೂ ವಿಳಾಸ ಹಂಚುತ್ತಾರೆ. ಒಂದು ವೈಫೈನಲ್ಲಿರುವ ಫೋನ್‌ಗೆ ಇನ್ನೊಂದರಲ್ಲಿರುವ ಪ್ರಿಂಟರ್ ಕಾಣುವುದಿಲ್ಲ. ಎರಡು ದಾರಿ ಇದೆ. ಹಳೆಯದನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ಸಿಗ್ನಲ್ ದಾಟಿಸುವ ಕೆಲಸಕ್ಕೆ ಮಾತ್ರ ಹಾಕುವುದು ಒಂದು. ಆಗ ಯೂಸರ್‌ನೇಮ್, ಪಾಸ್‌ವರ್ಡ್, ಕೆಲವೊಮ್ಮೆ ಕಂಪನಿ ಕೊಡುವ ವಿಲ್ಯಾನ್ ನಂಬರ್ ಎಲ್ಲವನ್ನೂ ಹೊಸದರಲ್ಲಿ ಬರೆಯಬೇಕು. ಹೊಸದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡುವುದು ಇನ್ನೊಂದು. ಆಗ ಹಳೆಯದೇ ಯಜಮಾನ, ಹೊಸದು ವೈಫೈ ಮಾತ್ರ ಕೊಡುತ್ತದೆ. ಹೆಚ್ಚಿನವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಏನಾದರೂ ಕೆಟ್ಟರೆ ಹೊಸದನ್ನು ಕಿತ್ತಿಟ್ಟು ಹಳೆಯದರ ವೈಫೈ ಆನ್ ಮಾಡಿದರೆ ಆಯಿತು.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ರೂಟರ್ ಹಿಂದಿನ ಸೂಜಿ ರಂಧ್ರಕ್ಕೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿದರೆ ಕಂಪನಿಯ ಯೂಸರ್‌ನೇಮ್ ಸಮೇತ ಎಲ್ಲ ಅಳಿಸಿಹೋಗುತ್ತದೆ. ಐದು ನಿಮಿಷದ ತೊಂದರೆ ಎರಡು ದಿನದ್ದಾಗುವುದು ಹೀಗೆ.

ಒಳಕೋಣೆಗೆ ವೈಫೈ ತಲುಪಿಸುವ ದಾರಿಗಳು

ದುಡ್ಡು ಖರ್ಚಿಲ್ಲದ ದಾರಿ ಮೊದಲು. ರೂಟರನ್ನು ನೆಲದಿಂದ ಎತ್ತಿ, ಮನೆಯ ಮಧ್ಯಕ್ಕೆ, ಬಯಲಿಗೆ ತನ್ನಿ. ಟಿವಿ ಹಿಂದೆ, ಕನ್ನಡಿ ಪಕ್ಕ, ನೀರಿನ ಟ್ಯಾಂಕ್ ಹತ್ತಿರ ಬೇಡ. ಲೋಹ, ನೀರು, ಕಾಂಕ್ರೀಟ್ ಮೂರೂ ಸಿಗ್ನಲ್‌ಗೆ ಆಗದವು. ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ ಎರಡು ಬಗೆಯ ರೇಡಿಯೋ ಅಲೆಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಲ್ಲಿ ಗದ್ದಲ ಜಾಸ್ತಿ. ಮೈಕ್ರೋವೇವ್ ಒಲೆಯೂ ಅದೇ ಜಾಗದಲ್ಲಿ ಕೂಗುತ್ತದೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಬುದ್ಧಿವಂತಿಕೆ ಮಾಡಿ 3 ಅಥವಾ 8 ಇಟ್ಟರೆ ಎರಡೂ ಕಡೆಯವರ ಗದ್ದಲ ನಿಮಗೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಗೋಡೆ ದಾಟುವಾಗ ಸೊರಗುತ್ತದೆ. ರೂಟರ್ ಆನ್ ಮಾಡಿದ ಮೇಲೆ 5 ಗಿಗಾಹರ್ಟ್ಸ್ ಹೆಸರು ಒಂದು ನಿಮಿಷ ಕಾಣಿಸದಿದ್ದರೆ ಗಾಬರಿ ಬೇಡ. ಕೆಲವು ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಮೊದಲು 60 ಸೆಕೆಂಡ್ ಕಿವಿಗೊಟ್ಟು ಕೇಳಿ ಆಮೇಲೆ ಬಾಯಿ ಬಿಡಬೇಕು ಎಂಬುದು ಅಲ್ಲಿನ ನಿಯಮ.

ಸ್ಮಾರ್ಟ್ ಬಲ್ಬ್, ಕ್ಯಾಮೆರಾ ಸೇರಿಸುವಾಗ ತಲೆ ಕೆಡುವುದಕ್ಕೂ ಕಾರಣ ಹೆಚ್ಚಾಗಿ ಈ ಎರಡು ಬ್ಯಾಂಡ್‌ಗಳೇ. ಅವುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಗೊತ್ತು. ಎರಡು ಬ್ಯಾಂಡ್‌ಗೂ ಒಂದೇ ಹೆಸರಿದ್ದರೆ ಸೇರಿಸುವಷ್ಟು ಹೊತ್ತು 5 ಅನ್ನು ಆಫ್ ಮಾಡಿ. ವೈಫೈ ಸೆಕ್ಯುರಿಟಿಯನ್ನು ಹೊಸ ಬಗೆಯ ಡಬ್ಲ್ಯುಪಿಎ3 ಮಾತ್ರ ಅಂತ ಇಟ್ಟಿದ್ದರೆ ಹಳೆಯ ಸಾಧನಗಳು ಹತ್ತಿರವೂ ಸುಳಿಯುವುದಿಲ್ಲ. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇದ್ದರೆ ಅದನ್ನಿಡಿ.

ಇಷ್ಟಾದರೂ ಸಾಲದಿದ್ದರೆ ಅತ್ಯುತ್ತಮ ದಾರಿ ಹಳೆಯದೇ: ಈಥರ್ನೆಟ್ ಕೇಬಲ್ ಎಳೆದು ಒಳಗೆ ಒಂದು ಆಕ್ಸೆಸ್ ಪಾಯಿಂಟ್ ಇಡುವುದು. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಯಾವ ಮನೆಗೂ ಅದು ಸಾಕು. ಕೊಳ್ಳುವಾಗ ಶುದ್ಧ ತಾಮ್ರವಾ ನೋಡಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ಅಗ್ಗ, ಆದರೆ ಬಗ್ಗಿಸಿದರೆ ಮುರಿಯುತ್ತದೆ. ಆಮೇಲೆ ಆ 94 ಎಂಬಿಪಿಎಸ್ ದರ್ಶನ ಆಗುವುದು ಇಂಥದ್ದರಿಂದಲೇ.

ಗೋಡೆ ಕೊರೆಯಲು ಆಗದವರಿಗೆ ಮೆಶ್, ಅಂದರೆ ಒಂದೇ ವೈಫೈಯನ್ನು ಸೇರಿ ಹಂಚುವ ಎರಡು-ಮೂರು ಪೆಟ್ಟಿಗೆಗಳು. ಅದರಲ್ಲೂ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡಲು ಪ್ರತ್ಯೇಕ ರೇಡಿಯೋ ಇರುವುದು ಒಳ್ಳೆಯದು. ಎರಡನೇ ಪೆಟ್ಟಿಗೆಯನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ. ಅಲ್ಲಿಗೆ ಬರುವುದೇ ಸತ್ತ ಸಿಗ್ನಲ್, ಅದನ್ನೇ ಅದು ಹಂಚುತ್ತದೆ. ದಾರಿಯ ಮಧ್ಯದಲ್ಲಿ ಇಡಿ. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳುತ್ತದೆ, ಅದರಲ್ಲೇ ಹೇಳುತ್ತದೆ, ಹಾಗಾಗಿ ವೇಗ ಅರ್ಧ. ಆಚೆ ಮೂಲೆಯಲ್ಲಿ ಮೆಸೇಜ್ ಬಂದರೆ ಸಾಕು ಅನ್ನುವವರಿಗೆ ಸರಿ, ಮೀಟಿಂಗ್ ಮಾಡುವವರಿಗೆ ಬೇಡ.

ಕರೆಂಟ್ ತಂತಿಯ ಮೇಲೆ ನೆಟ್ ಕಳಿಸುವ ಪವರ್‌ಲೈನ್ ಒಂದು ಜೂಜು. ಡಬ್ಬಿ ಮೇಲೆ ಬರೆದ ವೇಗಕ್ಕೂ ಸಿಗುವುದಕ್ಕೂ ಸಂಬಂಧ ಇರುವುದಿಲ್ಲ. ಗೋಡೆಯ ಸಾಕೆಟ್‌ಗೇ ನೇರ ಹಾಕಬೇಕು, ಸ್ಪೈಕ್ ಬಸ್ಟರ್‌ಗೆ ಹಾಕಿದರೆ ಅದು ಸಿಗ್ನಲ್ಲನ್ನೇ ಸೋಸಿಬಿಡುತ್ತದೆ. ವಾಪಸ್ ತೆಗೆದುಕೊಳ್ಳುತ್ತಾರೆ ಅಂದರೆ ಮಾತ್ರ ಪ್ರಯತ್ನಿಸಿ.

ಸ್ಪೀಡ್ ಇದೆ, ಆದರೂ ಎಳೆಯುತ್ತದೆ

ಟೆಸ್ಟ್‌ನಲ್ಲಿ 100 ತೋರಿಸುತ್ತದೆ, ಆದರೆ ಯಾರೋ ಫೋಟೋ ಅಪ್‌ಲೋಡ್ ಮಾಡಲು ಶುರು ಮಾಡಿದರೆ ನಿಮ್ಮ ಕಾಲ್ ಒಡೆಯುತ್ತದೆ. ಇದಕ್ಕೆ ಪ್ಲಾನ್ ಏರಿಸುವುದು ಉತ್ತರ ಅಲ್ಲ. ರೂಟರ್‌ನಲ್ಲೋ ಮೋಡೆಮ್‌ನಲ್ಲೋ ಡೇಟಾ ಉದ್ದದ ಸಾಲಿನಲ್ಲಿ ನಿಂತು, ನಿಮ್ಮ ಮಾತಿನ ಸಣ್ಣ ಪ್ಯಾಕೆಟ್ ಆ ಫೋಟೋಗಳ ಹಿಂದೆ ಸಿಕ್ಕಿಬೀಳುತ್ತದೆ. ಬಫರ್‌ಬ್ಲೋಟ್ ಅಂತ ಇದರ ಹೆಸರು. ಸಾಲನ್ನು ನ್ಯಾಯವಾಗಿ ನಡೆಸುವ ಎಫ್‌ಕ್ಯೂ ಕೋಡೆಲ್ ಎಂಬ ವಿಧಾನ 2018ರಲ್ಲಿ ಇಂಟರ್ನೆಟ್ ದಾಖಲೆಯಾಗಿ ಪ್ರಕಟವಾಯಿತು. ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಬಹುದಾದ ರೂಟರ್‌ಗಳಲ್ಲಿ ಅದು ಸಿಗುತ್ತದೆ. ಕೆಲವು ರೂಟರ್‌ಗಳಲ್ಲಿ ಇದೇ ಕೆಲಸದ ಸೆಟ್ಟಿಂಗ್ ಎಸ್‌ಕ್ಯೂಎಂ ಅಂತ ಇರುತ್ತದೆ. ಅಲ್ಲಿ ಲೈನಿನ ನಿಜವಾದ ವೇಗದ ಸುಮಾರು 90 ಶೇಕಡಾ ಬರೆದರೆ ಸಾಲು ನಿಮ್ಮ ಹಿಡಿತಕ್ಕೆ ಬರುತ್ತದೆ. ಹತ್ತು ಶೇಕಡಾ ವೇಗ ಬಿಟ್ಟುಕೊಟ್ಟು ಒಡೆಯದ ಕಾಲ್ ಪಡೆಯುವುದು ಒಳ್ಳೆಯ ವ್ಯಾಪಾರ ಅಲ್ವಾ? ಒಂದು ಮಾತು: ಸಾಧಾರಣ ರೂಟರ್‌ನ ಪ್ರೊಸೆಸರ್‌ಗೆ 500 ಎಂಬಿಪಿಎಸ್ ಮೇಲೆ ಈ ಕೆಲಸ ಭಾರ ಆಗಬಹುದು.

ನೆಟ್ ನಿಂತಾಗ

ಮೊದಲು ಲೈಟ್ ನೋಡಿ. ಲೈಟ್ ಸರಿ ಇದ್ದರೆ ಕಂಪ್ಯೂಟರ್‌ನಲ್ಲಿ ಮೂರು ಪಿಂಗ್ (ಒಂದು ವಿಳಾಸದಿಂದ ಉತ್ತರ ಬರುತ್ತದಾ ಅಂತ ನೋಡುವ ಆಜ್ಞೆ). ರೂಟರ್ ವಿಳಾಸಕ್ಕೆ, ಅಂದರೆ ಹೆಚ್ಚಾಗಿ 192.168.1.1 ಅಥವಾ 192.168.0.1ಕ್ಕೆ, ಉತ್ತರ ಬರದಿದ್ದರೆ ತೊಂದರೆ ಮನೆಯೊಳಗೆ. ಅಲ್ಲಿಂದ ಬಂದು ಹೊರಗಿನ ಗೂಗಲ್ ವಿಳಾಸ 8.8.8.8ರಿಂದ ಬರದಿದ್ದರೆ ಲೈನಿನದ್ದು. ಅದರಿಂದಲೂ ಬಂದು ಸೈಟ್ ಹೆಸರು ಹಾಕಿದಾಗ ಮಾತ್ರ ಬರದಿದ್ದರೆ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೈ ಕೊಟ್ಟಿದೆ. 8.8.8.8 ಅಥವಾ 1.1.1.1 ಅನ್ನು ಡಿಎನ್‌ಎಸ್ ಆಗಿ ಬರೆದರೆ ತಕ್ಷಣ ಸರಿ. ಸಾಧನದ ವಿಳಾಸವೇ 169.254ರಿಂದ ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟೇ ಇಲ್ಲ. ಆಗ ಮಾತ್ರ ಆ ಹಳೆಯ ಆಫ್-ಆನ್ ಮಂತ್ರಕ್ಕೆ ನಿಜವಾಗಿ ಬೆಲೆ ಇದೆ. ಮೊದಲು ಮೋಡೆಮ್ ಅಥವಾ ಫೈಬರ್ ಪೆಟ್ಟಿಗೆ ಆನ್ ಮಾಡಿ, ಅದರ ಲೈಟ್ ನಿಂತ ಮೇಲೆ ರೂಟರ್.

ದೂರು ಕೊಡುವಾಗ "ನೆಟ್ ಸ್ಲೋ" ಅನ್ನಬೇಡಿ. "ಕೇಬಲ್ ಹಾಕಿ ನೋಡಿದ್ದೇನೆ, ರೂಟರ್‌ಗೆ ಪಿಂಗ್ ಇದೆ, ಹೊರಗೆ ಇಲ್ಲ" ಅನ್ನಿ. ದೂರಿನ ನಂಬರ್ ಬರೆದುಕೊಳ್ಳಿ. ನನಗೆ ಗೊತ್ತಿರುವ ಟೆಕ್ನಿಷಿಯನ್‌ಗಳೆಲ್ಲ ಇಂಥ ಮನೆಗೆ ಮೊದಲು ಬರುತ್ತಾರೆ, ಯಾಕೆಂದರೆ ಅಲ್ಲಿ ಅವರ ಕೆಲಸ ಬೇಗ ಮುಗಿಯುತ್ತದೆ.

ನೆಟ್ ನಿಂತರೆ ಕೆಲಸವೇ ನಿಲ್ಲುತ್ತದೆ ಅನ್ನುವವರಿಗೆ ದುಬಾರಿ ಪ್ಲಾನ್‌ಗಿಂತ ಎರಡು ಸಾಧಾರಣ ಲೈನ್ ಮೇಲು. ಎರಡೂ ಫೈಬರ್ ಬೇಡ. ಬೇರೆ ಬೇರೆ ಕಂಪನಿಯದಾದರೂ ಎರಡೂ ದಾರ ಒಂದೇ ಕಂಬದ ಮೇಲೆ ಬಂದಿದ್ದರೆ ಒಂದು ಮರ ಬಿದ್ದಾಗ ಎರಡೂ ಹೋಗುತ್ತವೆ. ಫೈಬರ್ ಜೊತೆಗೆ 4ಜಿ ಸರಿಯಾದ ಜೋಡಿ. ಅಷ್ಟು ಬೇಡ ಅಂದರೆ ಬೇರೆ ಕಂಪನಿಯ ಸಿಮ್ ಇರುವ ಫೋನಿನ ಹಾಟ್‌ಸ್ಪಾಟ್ ಸಾಕು. ಅದಕ್ಕೆ ಮನೆಯ ವೈಫೈನದೇ ಹೆಸರು, ಅದೇ ಪಾಸ್‌ವರ್ಡ್, ಅದೇ ಬಗೆಯ ಸೆಕ್ಯುರಿಟಿ ಕೊಟ್ಟಿಡಿ. ರೂಟರ್ ಆಫ್ ಮಾಡಿ ಹಾಟ್‌ಸ್ಪಾಟ್ ಆನ್ ಮಾಡಿದರೆ ಲ್ಯಾಪ್‌ಟಾಪ್‌ಗಳು ತಾವಾಗಿ ಸೇರಿಕೊಳ್ಳುತ್ತವೆ.

ಕನೆಕ್ಷನ್ ಹಾಕಲು ಬಂದವರು ಹೊರಡುವ ಮುಂಚೆ ಯೂಸರ್‌ನೇಮ್, ಪಾಸ್‌ವರ್ಡ್, ರೂಟರ್ ಅಡ್ಮಿನ್ ಪಾಸ್‌ವರ್ಡ್ ಬರೆಸಿಕೊಳ್ಳಿ. ಅವರ ಎದುರೇ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಆಪ್ಟಿಕಲ್ ಪವರ್ ಇರುವ ಪುಟ ತೆರೆಸಿ, ಅದರ ಒಂದು ಫೋಟೋ ತೆಗೆದಿಡಿ. ಆರು ತಿಂಗಳ ನಂತರ ಮೈನಸ್ 19 ಇದ್ದದ್ದು ಮೈನಸ್ 26 ಆಗಿದ್ದರೆ ಫೋನಿನಲ್ಲಿ ವಾದ ಮಾಡುವ ಬದಲು ಆ ಫೋಟೋ ಕಳಿಸಬಹುದು.